ಎಪ್ಪತ್ತೆರಡರಲ್ಲಿ ಒಂದು

ಟಾಡ್ಮರ್ಡನ್ನಿನಲ್ಲಿ ನನ್ನ ಕೆಲಸ ಹಲ್ಲು ಮಾಡುವುದು.
ಮೇಣ ಕೊರೆದು, ಪಿಂಗಾಣಿ ಸುಟ್ಟು,
ಯಾರದೋ ಬಾಯಿಯ ಸಿಗರೇಟು-ಹಳದಿಗೆ ಹೊಂದುವ ಹಾಗೆ
ಮೂರೆಳೆಯ ಕುಂಚದಲ್ಲಿ ಬಣ್ಣ ತೀಡುವುದು.
ಇದು ತಿಳಿದೇ ಪಕ್ಕದ ಮನೆಯ ಡೆಸ್ಮಂಡ್ ಸಟ್‌ಕ್ಲಿಫ್
(ಮೂವತ್ತು ವರ್ಷ ಬಸ್ಸು ಓಡಿಸಿ ಈಗ ಕೈ ನಡುಗುವವನು)
ಒಂದು ಭಾನುವಾರ ಬಾಗಿಲು ತಟ್ಟಿದ:
"ನಿಮ್ಮ ಕಡೆಯದೇ ಒಂದು ಕೋಟೆ ಕಟ್ಟುತ್ತಿದ್ದೇನೆ. ಬರ್ತೀರಾ?"

ಗ್ಯಾರೇಜಿನಲ್ಲಿ ಕಾರಿಲ್ಲ. ಹಳೆಯ ಬಾಗಿಲೊಂದನ್ನು ಮಲಗಿಸಿ
ಅದರ ಮೇಲೆ ಶ್ರೀರಂಗಪಟ್ಟಣ.
ಬೀಗದ ತೂತು ಹಾಗೇ ಉಳಿದಿತ್ತು, ಹೊಳೆಯ ನಡುವೆ.
ಸಾವಿರದ ಏಳುನೂರ ತೊಂಬತ್ತೊಂಬತ್ತು, ಮೇ ನಾಲ್ಕು,
ಮಧ್ಯಾಹ್ನ ಒಂದು ಗಂಟೆ.
ಕಾವೇರಿಯನ್ನು ರಾಳದಲ್ಲಿ ಎರಕ ಹೊಯ್ದಿದ್ದ,
ಕಡುನೀಲಿ. ಸ್ವಿಟ್ಜರ್ಲೆಂಡಿನ ಕ್ಯಾಲೆಂಡರಿನ ನೀಲಿ.

"ಬಣ್ಣ ಸರಿಯೇ?"
ಪಾಲಹಳ್ಳಿಯವಳು ನಾನು. ಬೇಸಿಗೆಯಲ್ಲಿ ಆ ಹೊಳೆಗೆ
ಲಂಗ ಮೊಣಕಾಲಿಗೆತ್ತಿದರೆ ಸಾಕು,
ನೀರಿಗಿಂತ ಬಂಡೆ ಹೆಚ್ಚು, ಬಂಡೆಗಿಂತ ಪಾಚಿ ಹೆಚ್ಚು.
ಇದನ್ನೆಲ್ಲ ಇಂಗ್ಲಿಷಿಗೆ ತರಲು ಹೋಗಿ
"ಟೀ," ಅಂದೆ, "ಹಾಲು ಕಮ್ಮಿ ಹಾಕಿದ ಟೀ."
ಆತ ಬೇಸರಿಸಲಿಲ್ಲ.
ಉಳಿ ತಗೊಂಡು ನದಿಯನ್ನು ಎಬ್ಬಿಸಿ ತೆಗೆದ.

ಚಳಿಗಾಲವಿಡೀ ಹೀಗೇ.
ಕೋಟೆಗೋಡೆಗೆ ನಮ್ಮ ಲ್ಯಾಬಿನ ದವಡೆಯಚ್ಚಿನ ಪ್ಲಾಸ್ಟರ್,
ಕಲ್ಲಿನ ಸಂದಿಗೆ ಹುಳುಕು ಕೆದಕುವ ಕೊಕ್ಕೆ.
ಗೋಡೆ ಒಡೆದ ಜಾಗವನ್ನು ಮಾತ್ರ ನನಗೇ ಬಿಟ್ಟ:
"ಹಲ್ಲು ಬಿದ್ದ ಒಸಡು ನಿಮಗಲ್ಲದೆ ಯಾರಿಗೆ ಗೊತ್ತು?"
ಹೊರಗೆ ಬೆಟ್ಟದ ಮೇಲೆ ಮಂಜುಮಳೆ, ಒಳಗೆ ಸೀಮೆಎಣ್ಣೆ ಹೀಟರು,
ಹಲಗೆಯ ಮೇಲೆ ಮೇ ತಿಂಗಳ ಬಿಸಿಲು.
ಅದಕ್ಕೆ ಹಳದಿ ಕಮ್ಮಿ ಮಾಡಿ, ಬಿಳಿ ಸುರೀರಿ ಅಂತ
ಹೇಳಿ ಹೇಳಿ ಸಾಕಾಯಿತು.

ಸೈನ್ಯ ಬಂದದ್ದು ಅಂಚೆಯಲ್ಲಿ.
ಕೆಂಪು ಕೋಟಿನವರಿಗೆ ಹನ್ನೊಂದು ಭಂಗಿ:
ಗುರಿಯಿಡುವವ, ಏಣಿ ಹೊರುವವ, ಟೋಪಿ ಎತ್ತಿ ಕೂಗುವವ.
ನಮ್ಮವರಿಗೆ ನಾಲ್ಕೇ. ಅದರಲ್ಲೂ ಎರಡು ಬೀಳುವವು.
ನಮ್ಮವರು ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ.
ಏಣಿಯ ಹಿಂದೆ ಕೆಂಪು ಕೋಟೊಳಗೆ
ನನ್ನದೇ ಮೈಬಣ್ಣದ ಸಿಪಾಯಿಗಳ ಸಾಲೇ ಇತ್ತು.
ಅವರು ಯಾರವರು?
ಒಂದೇ ಡಬ್ಬಿಯ ಕಂದು ಎರಡೂ ಕಡೆಗೆ ಸಾಕಾಯಿತು.

ನೇರಳೆ ಅಂಗಿಗಳಿಗೆ ಬಿಳಿಯ ಹುಲಿಪಟ್ಟೆ ತೀಡುತ್ತ ಕೇಳಿದೆ:
"ಒಂದು ಗಂಟೆ ಅಂದಿರಲ್ಲ. ಊಟಕ್ಕೆ ಕೂತವರು ಎಲ್ಲಿ?"
ಕನ್ನಡಕ ಹಣೆಗೇರಿಸಿ ಕ್ಯಾಟಲಾಗು ಪೂರ್ತಿ ತಿರುವಿದ.
ಯಾವ ಪೆಟ್ಟಿಗೆಯಲ್ಲೂ ಉಣ್ಣುವವನಿಲ್ಲ.

ಬೀಳುವವನೊಬ್ಬನನ್ನು ಆರಿಸಿದೆ.
ಬಿಸಿನೀರಿಗೆ ಅದ್ದಿ ಸೊಂಟ ಬಗ್ಗಿಸಿದೆ, ಕೋವಿ ಕತ್ತರಿಸಿದೆ,
ಮೇಣದಲ್ಲಿ ಚಕ್ಕಳಮಕ್ಕಳ ಕಟ್ಟಿದೆ. ತಟ್ಟೆಗೆ ತಗಡಿನ ಚೂರು.
ಮುದ್ದೆ?
ಮೇಣ ಉರುಳಿಸಿದರೆ ಹೊಳೆಯುತ್ತದೆ, ಜೇಡಿ ಬಿರಿಯುತ್ತದೆ.
ಕಡೆಗೆ ಮನೆಗೆ ಓಡಿ, ಡಬ್ಬಿಗೆ ಕೈಹಾಕಿ,
ಚಿಮಟದಲ್ಲಿ ಹಿಡಿದು ತಂದೆ, ಒಂದು ರಾಗಿಕಾಳು.
ಡೆಸ್ಮಂಡ್ ಅಳತೆ ಹಿಡಿದ:
ಒಂದೂವರೆ ಮಿಲಿಮೀಟರು, ಗುಣಿಸು ಎಪ್ಪತ್ತೆರಡು.
ಸರಿಯಾಗಿ ಒಬ್ಬಾಳಿನ ಮುದ್ದೆ.
ಬೀಸದೆ, ಕುದಿಸದೆ, ತೊಳಸದೆ.
ಬಣ್ಣವೂ ಬೇಕಾಗಲಿಲ್ಲ.

ಗೋಡೆಯ ಒಳಮಗ್ಗುಲ ನೆರಳಿನಲ್ಲಿ ಕೂರಿಸಿದೆವು.
ಮೇಲಿನಿಂದ ನೋಡಿದರೆ ಕಾಣುವುದಿಲ್ಲ.

ಏಪ್ರಿಲಿನಲ್ಲಿ ಪುರಭವನದ ಪ್ರದರ್ಶನ.
ತೀರ್ಪುಗಾರ ಟಾರ್ಚು ಬಿಟ್ಟು ಗುಂಡಿ ಎಣಿಸಿದ,
ಯಾವುದೋ ಪಡೆಯ ಕಾಲರು ತಪ್ಪು ಅಂದ.
ಬಹುಮಾನ ಪಕ್ಕದ ಮೇಜಿನ ವಾಟರ್ಲೂಗೆ ಹೋಯಿತು.

ನಾಲ್ಕು ಗಂಟೆಗೆ, ಕುರ್ಚಿಗಳನ್ನು ಮಡಿಸುತ್ತಿರುವಾಗ,
ಗಾಲಿಕುರ್ಚಿಯಲ್ಲೊಬ್ಬ ಹೆಂಗಸು ಬಂದಳು.
ಆಕೆಯ ಕಣ್ಣು ಹೊಳೆಯ ಮಟ್ಟಕ್ಕೇ ಇತ್ತು.
ಒಡೆದ ಗೋಡೆಯ ಸಂದಿಯಿಂದ ಒಳಗೆ ನೋಡಿ
ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:
"ಇವನಿಗೆ ಯಾರಾದರೂ ಹೇಳಿದ್ದಾರಾ?"

ನನಗೆ ಮಾತು ಹೊರಡಲಿಲ್ಲ.
ಡೆಸ್ಮಂಡೇ ಬಗ್ಗಿ, ನಡುಗುವ ಬೆರಳು ತೋರಿಸಿ, ಅಂದ:
"ಇಲ್ಲ. ಮುಡ್ಡೆ ಇನ್ನೂ ಮುರಿದಿಲ್ಲ, ನೋಡಿ."