ಎಡಮಗ್ಗುಲು

ಬಂಗುಡೆ ಒಂದು ಬುಟ್ಟಿ, ಸಾವಿರದಿನ್ನೂರು,
ಸಾವಿರದಿನ್ನೂರೈವತ್ತು, ಸಾವಿರದ—
ಅಷ್ಟಕ್ಕೇ ಸ್ವರ ಹೋಯಿತು.
ದಕ್ಕೆಯಲ್ಲಿ ಏಲಂ ಕೂಗುವವಳ ಗಂಟಲಿಗೆ
ಬೆಳಗ್ಗೆ ಐದಕ್ಕೇ ಹುಳಿ ಹಿಡಿದರೆ
ಕೊಳ್ಳುವವರು ಕಾಯುತ್ತಾರಾ?
ಪಕ್ಕದ ಗುಲಾಬಕ್ಕ ಕೂಗಿ ಮುಗಿಸಿದಳು.

ಶೀತ ಅಂದುಕೊಂಡು ಕಾಳುಮೆಣಸಿನ ಕಷಾಯ ಕುಡಿದೆ,
ಉರಿಗೆ ಉರಿ ಸೇರಿತು.
ಗಂಟಲಲ್ಲಮ್ಮ, ಹೊಟ್ಟೆ ಅಂದರು ಡಾಕ್ಟರು.
ಮದ್ದಿನ ಚೀಟಿಯ ಹಿಂದೆ ಒಂದು ಚೀಲ ಬರೆದರು,
ಎಡಕ್ಕೆ ಜೋತುಬಿದ್ದದ್ದು.
"ಯಾವ ಮಗ್ಗುಲಿಗೆ ಮಲಗುವುದು ನೀವು?"

ನಲವತ್ತೇಳು ವರ್ಷದಲ್ಲಿ
ಯಾರೂ ಕೇಳಿರಲಿಲ್ಲ ಇದನ್ನು.
ಬಲಕ್ಕೆ, ಅಂದೆ. ಯಾಕೋ ನಾಚಿಕೆಯಾಯಿತು.

ಬಲಕ್ಕೆ ಮಲಗಿದರೆ ಚೀಲ ಮೇಲೆ, ಬಾಯಿ ಕೆಳಗೆ,
ರಾತ್ರಿ ಉಂಡ ಪುಳಿಮುಂಚಿ ತಿರುಗಿ ಬರುತ್ತದೆ.
ಎಡಕ್ಕಾದರೆ ತಳದಲ್ಲೇ ನಿಲ್ಲುತ್ತದಂತೆ.
ಇಷ್ಟೇಯಾ!
ದೋಣಿ ವಾಲಿದ ಕಡೆಗೆ ನೀರು ಅಂತ
ಬೆಂಗ್ರೆಯ ಮಕ್ಕಳಿಗೆ ಹೇಳಿಕೊಡಬೇಕಾ?

ಆದರೆ ನನ್ನ ಬಲಕ್ಕೆ ಇವರಿದ್ದಾರೆ.
ತಿಂಗಳಲ್ಲಿ ಇಪ್ಪತ್ತು ದಿನ ಆಳಸಮುದ್ರದಲ್ಲಿರುವ
ವಾಮನ ತಾಂಡೇಲರು
ಮನೆಯಲ್ಲಿರುವ ಹತ್ತು ರಾತ್ರಿಯೂ
ನಾನು ಗೋಡೆ ನೋಡಿಕೊಂಡು ಬಿದ್ದಿರುವುದಾ?

ಇವರು ಮಂಚದ ತಲೆಕಡೆಯ ಕಾಲುಗಳಿಗೆ ಮುರಕಲ್ಲು ಕೊಟ್ಟರು.
ಡಾಕ್ಟರು ಹೇಳಿದ್ದು ಅರ್ಧ ಅಡಿ,
ಇವರ ಲೆಕ್ಕದಲ್ಲಿ ಮುಕ್ಕಾಲು.
ನಡುರಾತ್ರಿ ಇಬ್ಬರೂ ಜಾರಿ ಜಾರಿ
ಕಾಲಬುಡದಲ್ಲಿ ರಾಶಿ,
ಬಲೆ ಬಿಚ್ಚಿ ಸುರಿದ ಹಾಗೆ.
ನಗು ಬಂತು. ನಕ್ಕರೆ ಎದೆ ಇನ್ನೂ ಉರಿಯಿತು.

ಬೋಟು ಹೋದ ಮೇಲೆ ಒಬ್ಬಳೇ ಕಲಿತೆ.
ಏಳಕ್ಕೇ ಊಟ, ಮುಂಚಿ ಅರ್ಧ,
ಮಗುಚಿ ಬೀಳದ ಹಾಗೆ ಬೆನ್ನಿಗೊಂದು ದಿಂಬು.
ಎದುರಿಗೆ ಗೋಡೆ; ಸುಣ್ಣ ಕಿತ್ತ ಜಾಗದಲ್ಲಿ
ಒಂದು ಕಾಣೆಮೀನಿನ ಆಕಾರ ಇದ್ದದ್ದು
ಇಷ್ಟು ವರ್ಷ ನೋಡಿಯೇ ಇರಲಿಲ್ಲ.

ಹದಿನೆಂಟನೇ ದಿನ ಬಂದರು.
ಮೈಯೆಲ್ಲ ಡೀಸೆಲ್ಲು, ಉಪ್ಪು.
ಮಿಂದು, ಉಂಡು, ಏನೂ ಹೇಳದೆ
ಹೋಗಿ ಗೋಡೆಯ ಬದಿಗೆ ಮಲಗಿದರು.
"ಅಲ್ಲಿಗೆ ಫ್ಯಾನಿನ ಗಾಳಿ ಬರುವುದಿಲ್ಲ."
"ಬೋಟಿನಲ್ಲಿ ಫ್ಯಾನು ಉಂಟಾ?"

ಈಗ ಎಡಕ್ಕೆ ತಿರುಗಿದರೆ ಇವರ ಮುಖ.
ಗೊರಕೆ ನೇರ ಕಿವಿಗೆ.
ರಾತ್ರಿ ಎರಡು ಸಲ ನನ್ನನ್ನು ದಾಟಿ ಬಚ್ಚಲಿಗೆ ಹೋಗುತ್ತಾರೆ,
ಎರಡು ಸಲವೂ ನನ್ನ ಕಾಲು ತುಳಿಯುತ್ತಾರೆ.

ಮೊದಲ ಫೆರಿಯಲ್ಲಿ ದಾಟಿ,
ಸೊಂಟಕ್ಕೆ ಸೆರಗು ಸಿಕ್ಕಿಸಿ, ಬುಟ್ಟಿಯ ಮುಂದೆ ನಿಂತು
ಅಂಜಲ್ ಒಂದು, ಒಂಬೈನೂರು, ಒಂಬೈನೂರೈವತ್ತು, ಸಾವಿರ—

ಗುಲಾಬಕ್ಕ ಐಸು ಒಡೆಯುವುದು ನಿಲ್ಲಿಸಿ
ತಿರುಗಿ ನೋಡಿದಳು.