ನಾಲ್ಕು ಡಿಗ್ರಿ

ಹಾಸನದ ಕೋಲ್ಡ್ ಸ್ಟೋರೇಜಿನ ಮೂರನೇ ಕೋಣೆಗೆ
ನಿವೃತ್ತ ಪೋಸ್ಟ್‌ಮಾಸ್ಟರ್ ಇಂದ್ರಮ್ಮ
ವಾರಕ್ಕೆರಡು ಸಲ ಬರುತ್ತಿದ್ದರು, ಸ್ವೆಟರಿಲ್ಲದೆ.
ಆಲೂಗಡ್ಡೆ ಮೂಟೆಗಳ ನಡುವೆ ಕೈಕಟ್ಟಿ ನಿಂತು,
‘ಗಡಿಯಾರ ನೋಡ್ಕೊ ಮುನಾವರ್, ಇಪ್ಪತ್ತು ನಿಮಿಷ.’

ಗ್ರ್ಯಾಚುಟಿಯೆಲ್ಲ ಅಂಟಾರ್ಕ್ಟಿಕಾ ಹಡಗಿಗೆ ಕಟ್ಟಿದ್ದರು.
ಹೊಸ ಬೂಟು ಪಳಗಿಸಲು ಸಂತೇಪೇಟೆ ಸುತ್ತಿದ್ದರು.
ಹೊರಡುವ ಹಿಂದಿನ ದಿನ ನನ್ನ ಸ್ಟೂಲಿನ ಮೇಲೆ ಕೂತು
ತಳದ ಕೆಮ್ಮಣ್ಣನ್ನು ಪಿನ್ನಿನಿಂದ ಕೆರೆದರು:
ಒಂದು ಬೀಜವೂ ದಾಟಬಾರದಂತೆ ಆ ದಡಕ್ಕೆ,
ರಾಗಿಕಾಳಷ್ಟೂ.

ಸಂಕ್ರಾಂತಿ ಕಳೆದು ಬಂದರು. ಮೂಗು ಸುಲಿದಿತ್ತು.
ಪೆಂಗ್ವಿನ್ನಿನ ಮಾತೇ ಇಲ್ಲ.
‘ಅಲ್ಲಿ ಕತ್ತಲೇ ಆಗಲ್ಲ ಕಣೋ.’
‘ಹಂಗಾದ್ರೆ ಗಡ್ಡೆ ಹಸಿರಾಗ್ಬಿಡ್ತವಲ್ಲ ಅಮ್ಮ!’

ನಗುತ್ತಾರೆಂದುಕೊಂಡೆ.
ಹೂಂ ಅಂದು,
ದೀಪ ಆರಿಸೆಂದು,
ಬಾಗಿಲು ಎಳೆದುಕೊಂಡರು.

ನಾನು ಗಡಿಯಾರ ನೋಡಲಿಲ್ಲ.