ಆಲೂಗಡ್ಡೆ, ಆರುನೂರ ಐವತ್ತಾರು ಸಲ

ಕ್ಯಾಮೆರಾ ನನ್ನದಲ್ಲ, ಮೂರನೇ ಮಹಡಿಯ ಇಂದುಲಿಸ್‌ನದು.
ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ಒಂದು ಸಿನಿಮಾ ಸಂಘವಿತ್ತಂತೆ.
ಕಾರ್ಖಾನೆ ಮುಚ್ಚಿತು. ಸಂಘದ ಬೀರುವಿನ ಬೀಗದಕೈ
ಇವನ ಜೇಬಿನಲ್ಲೇ ಉಳಿಯಿತು.

"ಬ್ಯಾಟರಿ ಬೇಡ, ಗಡಿಯಾರದ ಹಾಗೆ ಕೀಲಿ ಕೊಡು.
ಮುಗಿಯುವ ಮೊದಲೇ ಮತ್ತೆ ಕೊಡು.
ಸೋತ ಸ್ಪ್ರಿಂಗು ಸುಳ್ಳು ಹೇಳುತ್ತದೆ."

ಎಂಟು ಮಿಲಿಮೀಟರ್ ಅಂದರೆ ಎಷ್ಟು?
ಕಿರುಬೆರಳಿನ ಉಗುರು ಇಟ್ಟು ನೋಡಿದೆ.
ಉಗುರೇ ದೊಡ್ಡದು.

ಸುರುಳಿ ಮಾತ್ರ ಅದರ ಎರಡರಷ್ಟು ಅಗಲ:
ಹೋಗುವಾಗ ಒಂದು ಬದಿ, ಮಗುಚಿ ಹಾಕಿದರೆ
ಬರುವಾಗ ಇನ್ನೊಂದು. ತೊಳೆದ ಮೇಲೆ ನಡುವೆ ಸೀಳುವುದು.
"ಓ, ನನ್ನ ಟ್ರಾಮು" ಎಂದೆ.
ಲಿಯೆಪಾಯಾದಲ್ಲಿ ಇರುವುದು ಒಂದೇ ದಾರಿ,
ಇಪ್ಪತ್ತೆರಡು ವರ್ಷದಿಂದ ನಾನು ಹೋಗುತ್ತೇನೆ, ಬರುತ್ತೇನೆ.
ನಿಲ್ಲಿಸುವುದು ನನಗೆ ಗೊತ್ತು.
ಚಲಿಸುವುದು ಹಳಿಗೆ ಬಿಟ್ಟದ್ದು.

ನಾಯಕ: ಒಂದು ಆಲೂಗಡ್ಡೆ.
ಕಾಲು: ಬೀರುವಿನಲ್ಲೇ ಸಿಕ್ಕ ಹಳೇ ಕಡ್ಡಿ, ನಾಲ್ಕು.
ಕತೆ: ಬ್ರೆಡ್ಡಿನ ಹಲಗೆಯಿಂದ ಉಪ್ಪಿನ ಡಬ್ಬಿಯ ತನಕ ನಡೆಯುವುದು.
ಯಾಕೆ ಎಂದು ಇಂದುಲಿಸ್ ಕೇಳಲಿಲ್ಲ.
ಪರದೆ ಎಳೆದ, ಎರಡು ದೀಪ ಹಚ್ಚಿದ,
"ಕಿಟಕಿಯ ಬೆಳಕನ್ನು ನಂಬಬೇಡ, ಅದಕ್ಕೂ ಕಾಲಿದೆ" ಎಂದ.

ಸರಿಸು. ಕೈ ತೆಗೆ. ಒತ್ತು.
ಸರಿಸು. ಕೈ ತೆಗೆ.
ಕೆಮ್ಮು ಬಂತು, ಮೇಜು ಅಲುಗಿತು, ತಡೆ.
ಒತ್ತು.
ಒಂದು ಅಕ್ಕಿಕಾಳಿನಷ್ಟು ಸರಿಸಿದರೆ ನಡಿಗೆ,
ಎರಡು ಕಾಳಾದರೆ ಕುಣಿತ,
ಮೂರಾದರೆ ಕುಡುಕ.
ಗೀಟು ಹಾಕಿಡಲು ಕಾಗದ, ಅಳೆಯಲು ದಾರ,
ರಾತ್ರಿ ಪಾಳಿ ಮುಗಿಸಿ ಬಂದ ಬೆನ್ನು.
ಬೆಳಗಿನ ಜಾವಕ್ಕೆ ಮೂರೂವರೆ ಸೆಕೆಂಡು ಬದುಕಿತ್ತು ಅದು.

ಹನ್ನೊಂದು ರಾತ್ರಿ ಹೀಗೆ.

ಮಗುಚಿ ಹಾಕಿದ ಬದಿಯಲ್ಲಿ ನನ್ನದೊಂದು ಜಾಣತನ ಮಾಡಿದೆ:
ಕ್ಯಾಮೆರಾವನ್ನು ಟ್ರಾಮಿಗೇ ಒಯ್ದು
ಒಂದೊಂದು ನಿಲ್ದಾಣಕ್ಕೆ ಒಂದೊಂದೇ ಚಿತ್ರ.
(ಊರು ನಡೆಯಲಿಲ್ಲ. ಬಿಕ್ಕಳಿಸಿತು.)

ಇಂದುಲಿಸ್ ತನ್ನ ಬಚ್ಚಲಲ್ಲಿ ತೊಳೆದ,
ಶಾವಿಗೆಯ ಹಾಗೆ ಹಗ್ಗಕ್ಕೆ ಇಳಿಬಿಟ್ಟ.
ಅವನ ಹೆಂಡತಿ ಮೂರು ದಿನ ನಮ್ಮ ಮನೆಯಲ್ಲಿ ಸ್ನಾನ ಮಾಡಿದಳು,
ಮಾತಾಡಲಿಲ್ಲ.

ಮತ್ತೆ ಫ್ರಿಜ್ಜಿನ ಬಿಳಿ ಬಾಗಿಲ ಮೇಲೆ ಬಂತು ನೋಡಿ
ನನ್ನ ನಾಯಕ, ತಲೆಯಿಲ್ಲದೆ.
ನಾನು ಇಣುಕುವ ಕಿಂಡಿ ಮೇಲೆ, ಬರೆದುಕೊಳ್ಳುವ ಕಣ್ಣು ಕೆಳಗೆ.
ಹತ್ತಿರ ಹೋದಷ್ಟೂ ಎರಡಕ್ಕೂ ಜಗಳ.
ಇದನ್ನು ಅವನು ಹೇಳಿರಲಿಲ್ಲ.
"ನನಗೂ ಯಾರೂ ಹೇಳಿರಲಿಲ್ಲ" ಎಂದ.

ತಲೆಯಿಲ್ಲದ್ದು ನಡೆಯಿತು. ಮುಗ್ಗರಿಸಿತು, ತೆವಳಿತು,
ಎಲ್ಲೋ ನನ್ನ ತೋಳಿನ ಅಂಚು ಮಿಂಚಿ ಮಾಯವಾಯಿತು.
ನಾನು ಮುಟ್ಟಿದ್ದೆಲ್ಲ ಕುಂಟುತ್ತಿತ್ತು.

ಆದರೆ ಅದರ ಪಕ್ಕೆಯಲ್ಲಿ, ಒಂದು ಕಣ್ಣಿನಿಂದ,
ಮೊಳಕೆಯೊಂದು ಹೊರಗೆ ಬಂತು.
ನಾನು ಅದನ್ನು ಮುಟ್ಟಿರಲಿಲ್ಲ. ಗಮನಿಸಿಯೂ ಇರಲಿಲ್ಲ.
ಹನ್ನೊಂದು ಹಗಲು, ನಾನು ಟ್ರಾಮ್ ಓಡಿಸುವಾಗ, ಮಲಗಿದಾಗ,
ಅದು ತನ್ನ ಪಾಡಿಗೆ ತಾನು ಬೆಳೆದಿತ್ತು.
ನಲವತ್ತೊಂದು ಸೆಕೆಂಡಿನಲ್ಲಿ ಅದರದೊಂದೇ
ಬೆಣ್ಣೆಯಂಥ ಚಲನೆ.

ಇಂದುಲಿಸ್ ಯಂತ್ರ ನಿಲ್ಲಿಸಿದ.
"ಇದನ್ನು ಆಡಿಸಿದ್ದು ಯಾರು?"
ನನಗೆ ನಗು ಬಂತು, ಆಮೇಲೆ ಬರಲಿಲ್ಲ.

ಏಪ್ರಿಲ್ ಆಯಿತು. ಕಡ್ಡಿ ಕಿತ್ತು ಬಕೆಟ್ಟಿನ ಮಣ್ಣಿಗೆ ಹಾಕಿದ್ದೇನೆ,
ಬಾಲ್ಕನಿಯಲ್ಲಿ. ಹೊಸ ಸುರುಳಿಯಿದೆ.
ಬಕೆಟ್ಟು ತಲೆ ಸಮೇತ ಕಾಣುವಂತೆ
ಕ್ಯಾಮೆರಾವನ್ನು ಸ್ಟೂಲಿಗೆ ಕಟ್ಟಿದ್ದೇನೆ.
ಕಿಟಕಿಯ ಬೆಳಕೇ, ಏನು ಮಾಡುವುದು, ಅದೂ ನಡೆಯಲಿ.
ದಿನಕ್ಕೊಂದು ಚಿತ್ರ.

ಇವತ್ತು ಸಮುದ್ರದ ಕಡೆಯಿಂದ ಮಂಜು.
ಬಕೆಟ್ಟೇ ಕಾಣಲಿಲ್ಲ.
ಒತ್ತಿದೆ.